ಮೂಗು ಹೇಳದ ಮಾತು

ಯಾವ ಬೀಜ ತಿನ್ನಬಹುದು, ಯಾವುದು ತಿನ್ನಬಾರದು ಎಂಬುದನ್ನು ಹಳ್ಳಿಯ ಮಕ್ಕಳು ಪುಸ್ತಕ ನೋಡಿ ಕಲಿಯುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಚಿಮ್ಮಡದಂಥ ಊರಿನಲ್ಲಿ ಶಾಲೆ ಬಿಟ್ಟ ಹೊತ್ತಿಗೆ ಹುಡುಗರ ಕಿಸೆ ಬರಿದಾಗಿರುವುದು ಅಪರೂಪ. ಹುರಿದ ಹುಣಸೆಬೀಜ, ಬಾರಿಹಣ್ಣು, ಕಲ್ಲಿನಿಂದ ಜಜ್ಜಿ ತೆಗೆದ ದೇಸಿ ಬಾದಾಮಿ, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಹೊಸದೊಂದು ಕಾಯಿ ಸಿಕ್ಕರೆ ಮೊದಲು ಮೂಸುತ್ತಾರೆ, ಆಮೇಲೆ ನಾಲಿಗೆಗೆ ತಾಗಿಸುತ್ತಾರೆ. ನಾರಿದರೆ ಕೆಟ್ಟದ್ದು, ರುಚಿಸಿದರೆ ಒಳ್ಳೆಯದು ಎಂಬುದು ಅವರ ಲೆಕ್ಕ. ದೊಡ್ಡವರ ಲೆಕ್ಕವೂ ಬಹುಮಟ್ಟಿಗೆ ಇದೇ. ಆದರೆ ಗಿಡಮರಗಳ ಲೋಕದಲ್ಲಿ ಈ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ.

ಚೀನಾ ಮೂಲದ ಗಿಂಕ್ಗೊ ಮರವನ್ನೇ ನೋಡಿ. ಬಯಲುಸೀಮೆಯ ಬಿಸಿಲು ಅದಕ್ಕೆ ಒಗ್ಗದು. ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನ ತಂಪು ಊರುಗಳಲ್ಲಿ ಅಲ್ಲೊಂದು ಇಲ್ಲೊಂದು ನೆಟ್ಟ ಮರಗಳಿವೆ. ಬೀಸಣಿಗೆಯಂಥ ಎಲೆ, ನಡುವೆ ಒಂದು ಸೀಳು. ಎಲೆಯ ಈ ಎರಡು ಹೋಳುಗಳನ್ನು ಕಂಡೇ ಲಿನೇಯಸ್ 1771ರಲ್ಲಿ ಅದಕ್ಕೆ ‘ಗಿಂಕ್ಗೊ ಬೈಲೋಬಾ’ ಎಂದು ಹೆಸರಿಟ್ಟ. ಸುಮಾರು 17 ಕೋಟಿ ವರ್ಷ ಹಳೆಯ ಶಿಲೆಗಳಲ್ಲೂ ಈ ಕುಲದ ಮರಗಳ ಗುರುತು ಸಿಗುತ್ತದೆ. ಡೈನೋಸಾರ್‌ಗಳ ಕಾಲದಲ್ಲಿ ಹಬ್ಬಿದ್ದ ಬಳಗವೆಲ್ಲ ಅಳಿದು, ಇಂದು ಉಳಿದಿರುವುದು ಇದೊಂದೇ ಜಾತಿ. 1945ರಲ್ಲಿ ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದಾಗ, ಒಂದೆರಡು ಕಿಲೋಮೀಟರ್ ದೂರದಲ್ಲಿದ್ದ ಕೆಲವು ಗಿಂಕ್ಗೊ ಮರಗಳು ಬೆಂದುಹೋಗಿಯೂ ಮತ್ತೆ ಚಿಗುರಿದವು.

ಇಂಥ ಗಟ್ಟಿಗ ಮರವನ್ನು ಜನ ದೂರುವುದು ಒಂದೇ ಕಾರಣಕ್ಕೆ: ಅದರ ನಾತ. ಪಪ್ಪಾಯಿಯಂತೆ ಇದರಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಮಳೆಗಾಲ ಕಳೆದ ಮೇಲೆ ಹೆಣ್ಣು ಮರದಿಂದ ಹಳದಿ ಉಂಡೆಗಳು ಉದುರುತ್ತವೆ. ನೋಡಲು ಹಣ್ಣಿನಂತಿದ್ದರೂ ಅವು ಹಣ್ಣಲ್ಲ. ಪೈನ್, ಸೈಕಸ್‌ಗಳಂತೆ ಗಿಂಕ್ಗೊ ಕೂಡ ಅನಾವೃತಬೀಜ ಸಸ್ಯ. ಆ ಮೆತ್ತಗಿನ ಭಾಗ ಬೀಜದ್ದೇ ಹೊರಹೊದಿಕೆ. ಅದು ಕೊಳೆತಾಗ ನಾರುವುದಕ್ಕೆ ಮುಖ್ಯ ಕಾರಣ ಬ್ಯುಟಿರಿಕ್ ಆಮ್ಲ. ಬೆಣ್ಣೆ ಬಹಳ ದಿನ ಉಳಿದು ಕೆಟ್ಟಾಗ ಬರುವ ಕಮಟು ವಾಸನೆಗೂ ಇದೇ ಆಮ್ಲ ಕಾರಣ. ಈ ಕಾಟ ತಪ್ಪಿಸಲೆಂದೇ ಹಲವು ನಗರಗಳಲ್ಲಿ ರಸ್ತೆ ಬದಿಗೆ ಗಂಡು ಮರಗಳನ್ನಷ್ಟೇ ಆರಿಸಿ ನೆಡುತ್ತಾರೆ.

ಆದರೆ ಚೀನಾ, ಜಪಾನ್‌ಗಳ ಜನ ಆ ನಾತಕ್ಕೆ ಹೆದರಿ ಓಡಲಿಲ್ಲ. ಹೊರಗಿನ ಲೋಳೆ ಮೈಗೆ ತಾಗಿದರೆ ಚರ್ಮ ಕೆರೆದು ಗುಳ್ಳೆ ಏಳುವುದರಿಂದ ಕೈಗವಸು ಹಾಕಿಕೊಂಡು ತೊಳೆಯುತ್ತಾರೆ. ಒಳಗೆ ಬಿಳಿಯ ಗಟ್ಟಿ ಚಿಪ್ಪು. ಹುರಿದು ಒಡೆದರೆ ಹಸಿರು ತಿರುಳು. ಜಪಾನಿನಲ್ಲಿ ಇದಕ್ಕೆ ‘ಗಿನ್ನಾನ್’ ಎನ್ನುತ್ತಾರೆ. ಮೂಗು ಬೇಡವೆಂದದ್ದು ಕೊನೆಗೆ ತಟ್ಟೆಗೆ ಬಂತು.

ಇಲ್ಲಿಗೆ ಕತೆ ಮುಗಿಯಿತೇ? ಇಲ್ಲ. ನಾತವನ್ನು ತೊಳೆಯಬಹುದು, ತಿರುಳಿನೊಳಗೆ ಅಡಗಿರುವುದನ್ನು ತೊಳೆಯಲಾಗದು. ರುಚಿಯಾದ ಆ ತಿರುಳಿನಲ್ಲಿ ಗಿಂಕ್ಗೊಟಾಕ್ಸಿನ್ ಎಂಬ ವಸ್ತುವಿದೆ. ಅದರ ರಚನೆ ಬಿ6 ಜೀವಸತ್ವವನ್ನು ಹೋಲುತ್ತದೆ. ಹಾಗಾಗಿ ದೇಹದಲ್ಲಿ ಆ ಜೀವಸತ್ವದ ಕೆಲಸಕ್ಕೆ ಅಡ್ಡಿಮಾಡುತ್ತದೆ. ಹೆಚ್ಚು ತಿಂದರೆ ವಾಂತಿ, ಫಿಟ್ಸು. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಜಪಾನಿನಲ್ಲಿ ಆಹಾರಕ್ಕೆ ಬರ ಬಂದಿದ್ದ ವರ್ಷಗಳಲ್ಲಿ ಹೊಟ್ಟೆ ತುಂಬ ಗಿನ್ನಾನ್ ತಿಂದು ಪ್ರಾಣ ಕಳೆದುಕೊಂಡ ಮಕ್ಕಳಿದ್ದಾರೆ. ಆದ್ದರಿಂದ ಅಲ್ಲಿ ದೊಡ್ಡವರೂ ಎಣಿಸಿ ನಾಲ್ಕಾರು ತಿನ್ನುತ್ತಾರೆ. ಚಿಕ್ಕಮಕ್ಕಳಿಗೆ ಕೊಡಬಾರದೆಂಬ ಎಚ್ಚರವಿದೆ.

ದೂರದ ಮರದ ಕತೆ ನಮಗೇಕೆ ಎನ್ನಬೇಡಿ. ನಮ್ಮ ಕರಾವಳಿಯ ಗೋಡಂಬಿಯೂ ಇದೇ ಸಾಲಿನದು. ಅದರ ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ. ಅದರಲ್ಲಿರುವ ಆಮ್ಲವೂ ಗಿಂಕ್ಗೊ ಲೋಳೆಯ ಆಮ್ಲವೂ ಒಂದೇ ಬಗೆಯವು. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಬೆಂಗಳೂರಿನ ಉದ್ಯಾನಗಳಲ್ಲಿ ಕಾಣುವ ಜಂಗಲಿ ಬಾದಾಮಿ ಇನ್ನೂ ಹತ್ತಿರದ ಉದಾಹರಣೆ. ಇದರ ಇನ್ನೊಂದು ಹೆಸರು ಪೀನಾರಿ. ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಲಿನೇಯಸ್ ಇಟ್ಟ ‘ಸ್ಟರ್ಕ್ಯೂಲಿಯಾ ಫೀಟಿಡಾ’ ಎಂಬ ಹೆಸರಿಗೂ ಲ್ಯಾಟಿನ್ನಿನ ಸಗಣಿ-ಗೊಬ್ಬರವೇ ಮೂಲ. ಎಲೆ ಉದುರಿದ ಕೊಂಬೆಗಳಲ್ಲಿ ಅರಳುವ ಹೂವು ಮೂಗು ಮುಚ್ಚಿಸುವಷ್ಟು ನಾರುತ್ತದೆ. ಆ ನಾತ ಮನುಷ್ಯನಿಗಲ್ಲ, ಪರಾಗ ಸಾಗಿಸುವ ನೊಣಗಳಿಗೆ ಬರೆದ ಓಲೆ. ಆಮೇಲೆ ಬರುವ ಕೆಂಪು ಕಾಯಿಯೊಳಗಿನ ಕಪ್ಪು ಬೀಜವನ್ನು ಹುರಿದರೆ ಶೇಂಗಾದಂತಿರುತ್ತದೆ. ಹಸಿಯಾಗಿ ತಿಂದರೆ ಹೊಟ್ಟೆ ಕೆಡುತ್ತದೆ.

ಇವೆಲ್ಲ ನಾರಿದರೂ ತಿನ್ನುವಂಥವು. ಇದಕ್ಕೆ ಪೂರ್ತಿ ವಿರುದ್ಧವಾದದ್ದು ಹೊಲದ ಬದುವಿನಲ್ಲೇ ಇದೆ. ಬೇಲಿಗೆ ನೆಟ್ಟ ಕಾಡುಹರಳು, ಅಂದರೆ ಜತ್ರೋಫಾ, ನಾರುವುದಿಲ್ಲ. ಅದರ ಬೀಜ ಸಿಹಿಯಾಗಿ ಶೇಂಗಾದಂತೆ ರುಚಿಸುತ್ತದೆ. ಜೈವಿಕ ಇಂಧನಕ್ಕೆಂದು 2000ದ ಈಚೆಗೆ ಹಲವೆಡೆ ಅದನ್ನು ಬೆಳೆಸಲಾಯಿತು. ಆ ಬೀಜ ತಿಂದ ಶಾಲಾ ಮಕ್ಕಳು ಗುಂಪಾಗಿ ಆಸ್ಪತ್ರೆ ಸೇರಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಔಡಲ ಬೀಜದಲ್ಲಿರುವ ರೈಸಿನ್ ಇನ್ನೂ ಘೋರ ವಿಷ. ಅದು ಎಣ್ಣೆಯಲ್ಲಿ ಕರಗದೆ ಹಿಂಡಿಯಲ್ಲೇ ಉಳಿಯುವುದರಿಂದ ಔಡಲೆಣ್ಣೆ ಮನೆಮದ್ದಾಯಿತು. ಬೀಜ ಮಾತ್ರ ಎಂದೂ ತಿನಿಸಾಗಲಿಲ್ಲ.

ಹಾಗಾದರೆ ಹುರಿಯಬೇಕಾದದ್ದು ಯಾವುದು, ಎಣಿಸಿ ತಿನ್ನಬೇಕಾದದ್ದು ಯಾವುದು, ಮುಟ್ಟಬಾರದ್ದು ಯಾವುದು ಎಂದು ಹೇಳುವವರು ಯಾರು? ಮೂಗಲ್ಲ, ನಾಲಿಗೆಯಲ್ಲ. ತಲೆತಲಾಂತರದಿಂದ ಪೆಟ್ಟು ತಿಂದು ಗಳಿಸಿದ ತಿಳಿವಳಿಕೆ. ಹೊಲಕ್ಕೆ ಹೋಗುವ ಮೊಮ್ಮಗ “ಆಯಿ, ಇದನ್ನ ತಿನಬಹುದೇನ?” ಎಂದು ಕೇಳುತ್ತಿದ್ದ, “ಬ್ಯಾಡೋ ತಮ್ಮಾ, ವಾಂತಿ-ಭೇದಿ ಆಗತಾವ” ಎಂಬ ಒಂದು ಮಾತು ಜೀವ ಉಳಿಸುತ್ತಿತ್ತು. ಈಗ ಟ್ಯೂಷನ್ನಿಗೆ ಹೋಗುವ ಮಗು ಆಯಿಯ ಜೊತೆ ಬದುವಿನ ಮೇಲೆ ನಡೆಯುವುದು ಕಡಿಮೆ. ಗಿಡ ಮಾತ್ರ ಅಲ್ಲೇ ಇದೆ, ಬೀಜವೂ ಉದುರುತ್ತಲೇ ಇದೆ.

ತಾಯಿತಂದೆಯರು ಎರಡು ಮಾತು ನೆನಪಿಡಬೇಕು. ಮಗು ಗೊತ್ತಿಲ್ಲದ ಬೀಜ ತಿಂದಿದ್ದರೆ ಬೈಯುತ್ತ ಕೂಡದೆ, ಮನೆಮದ್ದು ಮಾಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಆ ಬೀಜವನ್ನೋ ಗಿಡದ ಟೊಂಗೆಯನ್ನೋ ಜೊತೆಗೆ ಕೊಂಡುಹೋದರೆ ವೈದ್ಯರಿಗೆ ಅನುಕೂಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ನಿಮ್ಮೂರಿನ ಹತ್ತು ಬೀಜಗಳನ್ನು ಪಟ್ಟಿ ಮಾಡಿ, ನೋಟುಪುಸ್ತಕದಲ್ಲಿ ಎರಡು ಗೆರೆ ಎಳೆದು ಮೂರು ಮನೆ ಮಾಡಿ. ಒಂದರಲ್ಲಿ ಬೀಜದ ಹೆಸರು, ಇನ್ನೊಂದರಲ್ಲಿ ಅದರ ವಾಸನೆ, ಮೂರನೆಯದರಲ್ಲಿ ಮನೆಯ ಹಿರಿಯರು ಅದರ ಬಗ್ಗೆ ಹೇಳುವ ಮಾತು. ರುಚಿಗೆ ಮನೆ ಬೇಡ. ಬರೆದದ್ದನ್ನು ವಿಜ್ಞಾನದ ಮೇಷ್ಟರಿಗೆ ತೋರಿಸಿ. ಮೂರನೆಯ ಮನೆ ತುಂಬುವವರೆಗೆ ಯಾವ ಬೀಜವನ್ನೂ ಬಾಯಿಗೆ ಹಾಕಬೇಡಿ.