ಉಳಿಸಿದ ರನ್‌ಗೆ ಕಾಲಂ ಇಲ್ಲ

ಕ್ರಿಕೆಟ್ ಸ್ಕೋರ್‌ಕಾರ್ಡನ್ನು ಬ್ಯಾಟ್ಸ್‌ಮನ್‌ಗಳೇ ಕೂತು ತಯಾರು ಮಾಡಿರಬೇಕು ಅಂತ ನನಗೆ ಮೊದಲಿಂದಲೂ ಗುಮಾನಿ. ಯಾರು ಎಷ್ಟು ಹೊಡೆದರು, ಎಷ್ಟು ಬಾಲ್‌ನಲ್ಲಿ ಹೊಡೆದರು, ಸಿಕ್ಸ್ ಎಷ್ಟು, ಎಲ್ಲಾ ಇರುತ್ತೆ. ಪಾಯಿಂಟ್‌ನಲ್ಲಿ ನಿಂತು ಇಪ್ಪತ್ತು ರನ್ ತಡೆದವನ ಹೆಸರು ಮಾತ್ರ ಎಲ್ಲೂ ಇರಲ್ಲ. (ನಮ್ಮ ಅಪ್ರೈಸಲ್ ಫಾರ್ಮ್ ಮಾಡಿದವರೂ ಬ್ಯಾಟ್ಸ್‌ಮನ್‌ಗಳೇ ಇರಬೇಕು.)

ನಮ್ಮೂರು ದೇವಸಮುದ್ರ, ಮೊಳಕಾಲ್ಮುರು ತಾಲ್ಲೂಕು. ಶೇಂಗಾ ಸೀಮೆ. ಶೇಂಗಾ ಕಿತ್ತ ಮೇಲೆ ಖಾಲಿ ಬೀಳೋ ಹೊಲವೇ ನಮಗೆ ಗ್ರೌಂಡು. ಹೆಂಟೆಗೆ ಬಿದ್ದ ಬಾಲ್ ಮೊಣಕಾಲಿಗೆ ಬರುತ್ತೋ ಮೂತಿಗೆ ಬರುತ್ತೋ ದೇವರಿಗೇ ಗೊತ್ತು. ಅಂಥ ಕಡೆ ಬಾಲ್ ಹಿಡಿಯೋದು ಕಲಿತವನು ಎಲ್ಲಿ ಬೇಕಾದರೂ ಹಿಡಿಯುತ್ತಾನೆ. ನನ್ನ ಮಾವನ ಮಗ ಹಾಗೆ ಕಲಿತವನು. ಡಿಗ್ರಿಗೆ ಇಬ್ಬರೂ ಒಂದೇ ಕಾಲೇಜು, ಒಂದೇ ಟೀಮು. ಇಡೀ ಟೀಮಿಗೆ ಇದ್ದದ್ದು ಎರಡು ಒಳ್ಳೆ ಬ್ಯಾಟು. ಯಾರಾದರೂ ಗೊಣಗಿದರೆ ಅವನದು ಒಂದೇ ಮಾತು: "ಬ್ಯಾಟ್ ತರಾಕೆ ದುಡ್ಡು ಬೇಕು ಕಣಲೇ, ಬಾಲ್ ಹಿಡಿಯಾಕೆ ಯಾರಿಗ್ ದುಡ್ಡು ಕೊಡ್ಬೇಕು?"

ಒಂದು ಮ್ಯಾಚಲ್ಲಿ ನಾವು 71ಕ್ಕೆ ಆಲೌಟ್. ಎದುರಿನವರು ಚಹಾ ಕುಡಿಯುತ್ತಾ ನಗುತ್ತಿದ್ದರು. ನಾನು ಮೀಡಿಯಂ ಪೇಸ್ ಹಾಕ್ತಿದ್ದೆ. ಅವತ್ತು ಪ್ಲಾನ್ ಅಂತ ಇದ್ದದ್ದು ಇಷ್ಟೇ: ಆಫ್‌ಸ್ಟಂಪ್ ಹೊರಗೆ, ಒಂದೇ ಜಾಗಕ್ಕೆ ಹಾಕೋದು, ಪಾಯಿಂಟ್‌ನಲ್ಲಿ ಅವನು ಇದ್ದಾನೆ. ಬಾರಿಸಿದ್ದೆಲ್ಲ ಅವನ ಕೈಗೇ ಹೋಗಿ, ಸಿಂಗಲ್ ಸಿಗದೆ ಅವರಿಗೆ ಉಸಿರು ಕಟ್ಟಿತು. ತಲೆಕೆಟ್ಟು ಎತ್ತಿ ಹೊಡೆಯೋಕೆ ಶುರು ಮಾಡಿದರು. 64ಕ್ಕೆ ಮುಗಿದರು. ನನಗೆ 5 ವಿಕೆಟ್. ಅವನು ಮಾಡಿದ್ದು ಎರಡು ರನ್‌ಔಟ್, ಬ್ಯಾಟಿಂಗಲ್ಲಿ 4 ರನ್.

ಯೂನಿವರ್ಸಿಟಿ ಸೆಲೆಕ್ಷನ್‌ಗೆ ನನ್ನನ್ನು ಕರೆದರು, ಅವನನ್ನು ಕರೆಯಲಿಲ್ಲ. ಲಿಸ್ಟ್ ಮಾಡಿದವರು ನೋಡಿದ್ದು ರನ್ ಮತ್ತು ವಿಕೆಟ್. ಅದು ಬರೀ ಆಟದ ವಿಷಯ ಆಗಿರಲಿಲ್ಲ. ಯೂನಿವರ್ಸಿಟಿ ಪರ ಆಡಿದ ಸರ್ಟಿಫಿಕೇಟ್ ಇದ್ದಿದ್ದರೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಅತ್ತೆ ಆ ಲೆಕ್ಕದಲ್ಲೇ ಅವನಿಗೆ ಶೂ ಕೊಡಿಸಿದ್ದರು.

ದೊಡ್ಡವರ ಆಟದಲ್ಲೂ ಇದೇ ಕಥೆ. 2014-15ರ ರಣಜಿ ಸೆಮಿಫೈನಲ್ ನೆನಪಿದೆಯಾ? ಬೆಂಗಳೂರಲ್ಲಿ ಕರ್ನಾಟಕ 202ಕ್ಕೆ ಆಲೌಟ್. ಬೇರೆ ಟೀಮಾಗಿದ್ದರೆ ಕೈ ಚೆಲ್ಲಿ ಕೂರುತ್ತಿತ್ತು. ನಮ್ಮ ಪಕ್ಕದ ದಾವಣಗೆರೆಯ ವಿನಯ್ ಕುಮಾರ್ 20 ರನ್‌ಗೆ 6 ವಿಕೆಟ್ ತೆಗೆದು ಮುಂಬೈಯನ್ನು 44ಕ್ಕೆ ಮುಗಿಸಿದರು. ಮುಂಬೈ, 44! ಆಮೇಲೆ ವಾಂಖೆಡೆ ಫೈನಲ್‌ನಲ್ಲಿ ತಮಿಳುನಾಡು 134ಕ್ಕೆ ಔಟ್, ಅಲ್ಲೂ ವಿನಯ್‌ಗೆ 5 ವಿಕೆಟ್. ಆದರೆ ಯಾರನ್ನು ಕೇಳಿದರೂ ಆ ಫೈನಲ್ ಅಂದರೆ ಕರುಣ್ ನಾಯರ್ 328. ಚೆನ್ನಾಗೇ ಆಡಿದರು, ಇಲ್ಲ ಅನ್ನಲ್ಲ. ದ್ರಾವಿಡ್ ಟೆಸ್ಟ್ ರನ್ ಎಷ್ಟು ಅಂದರೆ ಥಟ್ ಅಂತ ಹೇಳೋರು, 210 ಕ್ಯಾಚ್ ಹಿಡಿದಿದ್ದಾರೆ ಅಂದರೆ ಹೌದಾ ಅಂತಾರೆ.

ಈ ವಿಷಯದಲ್ಲಿ ಬೇಸ್‌ಬಾಲ್‌ನವರು ವಾಸಿ. ಅವರ ಸ್ಕೋರ್‌ಬೋರ್ಡ್‌ನಲ್ಲಿ ರನ್, ಹಿಟ್ ಪಕ್ಕದಲ್ಲೇ ಎರರ್ ಅಂತ ಮೂರನೇ ಕಾಲಂ ಇರುತ್ತೆ. ಫೀಲ್ಡರ್ ತಪ್ಪಿನಿಂದ ಬಂದ ರನ್ನನ್ನು ಪಿಚರ್‌ನ ಸರಾಸರಿಗೆ ಸೇರಿಸೋದೇ ಇಲ್ಲ. ಬಾಲ್ ಹಾಕುವವನ ಲೆಕ್ಕ ಬೇರೆ, ಹಿಡಿಯುವವನ ಲೆಕ್ಕ ಬೇರೆ. ಇದನ್ನು ಅವನಿಗೆ ಫೋನಲ್ಲಿ ಹೇಳಿದಾಗ, "ಅಮೆರಿಕಾದೋರಿಗೆ ಬುದ್ಧಿ ಐತೆ ಬಿಡು" ಅಂದ.

ಈಗ ಊರಲ್ಲೇ ಹೊಲ ನೋಡ್ಕೊಂಡಿದ್ದಾನೆ. ಭಾನುವಾರ ಹುಡುಗರಿಗೆ ಫೀಲ್ಡಿಂಗ್ ಕಲಿಸುತ್ತಾನೆ. ಹೋದ ದೀಪಾವಳಿಗೆ ಹೋದಾಗ ಒಂದು ನೋಟ್‌ಬುಕ್ ತೋರಿಸಿದ. ಹುಡುಗರ ಹೆಸರು, ಮುಂದೆ ಎರಡೇ ಕಾಲಂ: ತಡೆದಿದ್ದು, ಬಿಟ್ಟಿದ್ದು. ಕರೆಂಟ್ ಕಂಬದ ಹತ್ತಿರ ನಿಲ್ಲೋ ಒಂಬತ್ತನೇ ಕ್ಲಾಸಿನ ಹುಡುಗ ಮೂರು ವಾರದಲ್ಲಿ 41 ರನ್ ತಡೆದಿದ್ದ.