ಇನ್ನೊಂದು ಗಾಡಿಯ ಸೈಲೆನ್ಸರ್

ಟೂ ಸ್ಟ್ರೋಕ್ ಬೈಕಿನ ಮಗ್ಗುಲಲ್ಲಿ ಚಾಚಿಕೊಂಡಿರುವ ಆ ಕೊಳವೆಗೆ ಸೈಲೆನ್ಸರ್ ಎಂದು ಹೆಸರಿಟ್ಟವರು ಅದಕ್ಕೆ ಅನ್ಯಾಯ ಮಾಡಿದ್ದಾರೆ. ಸದ್ದು ಅಡಗಿಸುವುದು ಅದರ ಕೆಲಸಗಳಲ್ಲಿ ಒಂದು, ಅದೂ ಸಣ್ಣದು. ಅದಿಲ್ಲದೆ ಇಂಜಿನ್ ನೆಟ್ಟಗೆ ಉಸಿರಾಡಲಾರದು. ಇದು ನನಗೆ ಅರ್ಥವಾಗಿದ್ದು ನಾನು ಜೋಡಿಸಿಕೊಂಡ ಬೈಕಿಗೆ ಬೇರೊಂದು ಬೈಕಿನ ಸೈಲೆನ್ಸರ್ ಕೂರಿಸಲು ಹೊರಟಾಗ.

ಬೈಕಿನ ಇಂಜಿನ್ನೂ ಚಾಸಿಸ್ಸೂ ಯಮಹಾ ಆರ್‌ಎಕ್ಸ್ 100ರದ್ದು. ಟ್ಯಾಂಕು ಹಳೆಯ ರಾಜದೂತದ್ದು. ಸೀಟು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೊಲಿಸಿದ್ದು. ಫೆಲೋಶಿಪ್ ಹಣ ಕೈಗೆ ಬಂದಾಗಲೆಲ್ಲ ಒಂದೊಂದು ಭಾಗ ಸೇರಿ, ಎರಡು ವರ್ಷಕ್ಕೆ ಅದು ಬೈಕಿನ ಆಕಾರಕ್ಕೆ ಬಂತು. ಹಗಲು ಮಾನಸಗಂಗೋತ್ರಿಯಲ್ಲಿ ಹಸ್ತಪ್ರತಿಗಳನ್ನು ಹೋಲಿಸುತ್ತ ಕೂರುವುದು, ಸಂಜೆ ಗ್ಯಾರೇಜಿನಲ್ಲಿ ನಟ್ಟು ಬೋಲ್ಟು ಹೋಲಿಸುತ್ತ ಕೂರುವುದು. ಮೆಕ್ಯಾನಿಕ್ ಭಾಯ್ ನನ್ನನ್ನು ಆಗಲೇ ‘ಡಾಕ್ಟರ್ ಸಾಬ್’ ಎಂದು ಕರೆಯತೊಡಗಿದ್ದರು. ಪಿಎಚ್.ಡಿ. ಮುಗಿಯುವ ಭರವಸೆ ನನಗಿಂತ ಅವರಿಗೇ ಹೆಚ್ಚು.

ಸೈಲೆನ್ಸರ್ ಬಂದದ್ದು ನನ್ನ ಸೋದರಮಾವನ ಮನೆಯ ಅಟ್ಟದಿಂದ. ತಿ. ನರಸೀಪುರದ ಕಡೆಯ ಹಳ್ಳಿಯಲ್ಲಿ ಮಾವ ಹಾಲಿನ ಡೈರಿ ನೋಡಿಕೊಳ್ಳುತ್ತಿದ್ದರು. ಅವರ ಹತ್ತಿರ ಯೆಜ್ಡಿ ರೋಡ್‌ಕಿಂಗ್ ಇತ್ತು. ಊರ ಮುಂದಿನ ಕಾಲುವೆ ಏರಿಯ ಮೇಲೆ ಅದರ ಸದ್ದು ಕೇಳಿಸಿದರೆ ಅತ್ತೆ ಒಲೆಯ ಮೇಲೆ ಎಸರಿಡುತ್ತಿದ್ದರು. ಮಾವ ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಮುದ್ದೆ ಕಟ್ಟಲು ಹಿಟ್ಟು ಬೆಂದಿರುತ್ತಿತ್ತು. ಮಗಳ ಮದುವೆಯ ವರ್ಷ ಗಾಡಿ ಬಿಡಿಬಿಡಿಯಾಗಿ ಮಾರಾಟವಾಯಿತು. ಜೋಡಿ ಸೈಲೆನ್ಸರ್‌ಗಳಲ್ಲಿ ಒಂದು ಜಜ್ಜಿಹೋಗಿತ್ತು, ಗುಜರಿಗೆ ಹೋಯಿತು. ಇನ್ನೊಂದು ಹೇಗೋ ಅಟ್ಟ ಸೇರಿತು.

ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಇಟ್ಟಾಗಲೇ ತೊಂದರೆ ಕಾಣಿಸಿತು. ಆರ್‌ಎಕ್ಸ್‌ನ ಸಿಲಿಂಡರಿಗೆ ಕೊಳವೆ ಸೇರುವುದು ಎರಡು ಬೋಲ್ಟುಗಳ ಫ್ಲ್ಯಾಂಜಿನಿಂದ. ಯೆಜ್ಡಿಯಲ್ಲಿ ಸಿಲಿಂಡರಿನ ಬಾಯಿಗೇ ಮರೆ ಕೊರೆದಿರುತ್ತದೆ, ಅದರ ಮೇಲೆ ದೊಡ್ಡದೊಂದು ನಟ್ಟು ಕೂರುತ್ತದೆ. ಕೊಳವೆಗಳ ಸುತ್ತಳತೆ ಬೇರೆ. ಚಾಸಿಸ್ಸಿಗೆ ತೂಗುಹಾಕುವ ಪಟ್ಟಿಯ ಜಾಗ ಬೇರೆ. ಆರ್‌ಎಕ್ಸ್ ಚಿಕ್ಕ ಗಾಡಿಯಾದ್ದರಿಂದ ಯೆಜ್ಡಿಯ ಸೈಲೆನ್ಸರ್ ಹಿಂದಿನ ಚಕ್ರವನ್ನೂ ದಾಟಿ ಬಾಲದ ಹಾಗೆ ಹೊರಗೆ ಉಳಿಯುತ್ತಿತ್ತು. ಭಾಯ್ ಟೇಪು ಮಡಚಿ ಜೇಬಿಗೆ ಹಾಕಿಕೊಂಡು, “ಕೂರಿಸೋದು ಅರ್ಧ ದಿನದ ಕೆಲ್ಸ ಡಾಕ್ಟರ್ ಸಾಬ್. ಇಂಜಿನ್ ಒಪ್ಕೊಳ್ಳೋದಕ್ಕೆ ಹದಿನೈದು ದಿನ ಬೇಕು” ಎಂದರು.

ಅವರು ಹೇಳಿದ್ದರ ಹಿಂದೆ ಒಂದು ಲೆಕ್ಕವಿದೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಗೆ ಹೊರಹೋಗುವ ಬಾಗಿಲನ್ನು ಮುಚ್ಚಿ ತೆರೆಯಲು ಬೇರೆ ಕವಾಟವಿಲ್ಲ. ಪಿಸ್ಟನ್ ಕೆಳಗಿಳಿದಾಗ ಬಾಗಿಲು ತೆರೆಯುತ್ತದೆ, ಮೇಲೆ ಬಂದಾಗ ಮುಚ್ಚುತ್ತದೆ. ಆ ನಡುವೆ ಹಳೆಯ ಹೊಗೆಯ ಹಿಂದೆಯೇ ಹೊಸ ಪೆಟ್ರೋಲ್ ಗಾಳಿಯೂ ಒಂದಷ್ಟು ಜಾರಿಹೋಗುತ್ತದೆ. ಅದನ್ನು ತಡೆಯುವುದು ಕೊಳವೆಯ ಆಕಾರ. ಹೊರಗೆ ನುಗ್ಗಿದ ಹೊಗೆಯ ಒತ್ತಡ ಒಂದು ಅಲೆಯಾಗಿ ಕೊಳವೆಯೊಳಗೆ ಓಡುತ್ತದೆ. ಕೊಳವೆ ಅಗಲವಾಗುವ ಕಡೆ ಆ ಅಲೆಯಿಂದ ಒಂದು ಸೆಳೆತ ಹಿಂದಕ್ಕೆ ಬಂದು ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಳ್ಳುತ್ತದೆ. ಮುಂದೆ ಕೊಳವೆ ಕಿರಿದಾಗುವ ಕಡೆ ಅಲೆ ಬಡಿದು ತಿರುಗಿ ಬರುತ್ತದೆ, ಜಾರಿಹೋಗುತ್ತಿದ್ದ ಹೊಸ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಬಾಗಿಲು ಮುಚ್ಚುವ ಹೊತ್ತಿಗೆ ಸರಿಯಾಗಿ ಇದು ನಡೆಯಬೇಕು.

ಆರ್‌ಎಕ್ಸ್‌ನ 98 ಸಿಸಿ ಇಂಜಿನ್ ತನ್ನ ಪೂರ್ತಿ ಶಕ್ತಿ ತೋರುವುದು ನಿಮಿಷಕ್ಕೆ 7500 ಸುತ್ತಿನ ಹತ್ತಿರ. ಆಗ ಒಂದು ಸುತ್ತಿಗೆ 8 ಮಿಲಿಸೆಕೆಂಡು. ಹೊಗೆಯ ಬಾಗಿಲು ತೆರೆದಿರುವುದು ಹೆಚ್ಚುಕಡಿಮೆ ಅದರ ಅರ್ಧ ಹೊತ್ತು. ಬಿಸಿ ಹೊಗೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ ಎಂದುಕೊಂಡರೆ, 4 ಮಿಲಿಸೆಕೆಂಡಿನಲ್ಲಿ ಒಂದು ಮೀಟರ್ ಹೋಗಿ ಒಂದು ಮೀಟರ್ ವಾಪಸು ಬರಬಹುದು. ಇಂಜಿನ್ ನಿಧಾನಕ್ಕೆ ತಿರುಗುವುದಾದರೆ ಅಲೆಗೆ ಇನ್ನೂ ಉದ್ದದ ದಾರಿ ಬೇಕು. ಯೆಜ್ಡಿ ನಿಧಾನದ ಗಾಡಿ. ಅದರ 250 ಸಿಸಿಯ ಒಂದೇ ಸಿಲಿಂಡರಿನ ಹೊಗೆ ಎರಡು ಸೈಲೆನ್ಸರ್‌ಗಳಿಗೆ ಹಂಚಿಹೋಗುತ್ತದೆ. ಹಾಗಾಗಿ ಒಂದು ಸೈಲೆನ್ಸರಿನ ಪಾಲು ಸುಮಾರು 125 ಸಿಸಿ. ನಮ್ಮ 98 ಸಿಸಿಗೆ ಅದು ಅಷ್ಟೇನೂ ದೂರದ ಲೆಕ್ಕವಲ್ಲ. ಉದ್ದ ಮಾತ್ರ ಕಡಿಮೆಯಾಗಬೇಕಿತ್ತು. ಅಂದರೆ ಕುಯ್ಯಬೇಕಿತ್ತು.

ಮಾವನಿಗೆ ಫೋನು ಮಾಡಿದೆ. “ಕುಯ್ಕೊ ಅಳಿಮಯ್ಯ, ಅದರೊಳಗೆ ಇಲಿ ಮರಿ ಹಾಕದು ತಪ್ತದೆ” ಎಂದರು. ಮಾರನೆಯ ದಿನ ಅವರೇ ಫೋನು ಮಾಡಿದರು. “ಕುಯ್ದ್ಯಾ?” “ಇನ್ನೂ ಇಲ್ಲ ಮಾವ.” “ಸರಿ” ಎಂದು ಇಟ್ಟರು. ಅದರ ಮಾರನೆಯ ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಭಾಯ್ ಕಟಿಂಗ್ ಮಿಷನ್ನು ಹೊರಗೆ ತೆಗೆದು ಮತ್ತೆ ಒಳಗಿಟ್ಟರು. ನಾಲ್ಕನೆಯ ದಿನ ಮಾವ ಬಸ್ಸು ಹತ್ತಿ ಗ್ಯಾರೇಜಿಗೇ ಬಂದರು. ಸೈಲೆನ್ಸರನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಭಾಯ್ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ಕತ್ತಿನ ಹತ್ತಿರ ಗೀಟು ಎಳೆದರು. “ಇಲ್ಲಿ ಕುಯ್ಯಿ. ಯಾವತ್ತೂ ತುಕ್ಕು ಹಿಡೀತಿದ್ದದ್ದು ಇಲ್ಲೇಯ.” ಭಾಯ್ ಟೇಪು ಇಟ್ಟು ನೋಡಿದರು. ನಮ್ಮ ಲೆಕ್ಕಕ್ಕೂ ಮಾವನ ಗೀಟಿಗೂ ಎರಡು ಬೆರಳಿನ ವ್ಯತ್ಯಾಸವಿತ್ತು. ಭಾಯ್ ಮಾವನ ಗೀಟಿಗೇ ಕುಯ್ದರು.

ಗುಜರಿಯಿಂದ ತಂದಿದ್ದ ಒಂದು ಹಾಳು ಆರ್‌ಎಕ್ಸ್ ಸೈಲೆನ್ಸರಿನ ಮುಂಭಾಗವನ್ನು ಫ್ಲ್ಯಾಂಜಿನ ಸಮೇತ ಕತ್ತರಿಸಿ, ನಡುವೆ ಒಂದು ಬಳೆ ಸೇರಿಸಿ ಯೆಜ್ಡಿಯದಕ್ಕೆ ವೆಲ್ಡ್ ಮಾಡಿದ್ದಾಯಿತು. ಅದು ಅರ್ಧ ದಿನದ ಕೆಲಸ. ಉಳಿದ ಹದಿನೈದು ದಿನ ಶುರುವಾದದ್ದು ಆಮೇಲೆ. ಮೊದಲ ಸಲ ಓಡಿಸಿ ಬಂದು ಪ್ಲಗ್ ಬಿಚ್ಚಿದರೆ ತುದಿ ಬೆಳ್ಳಗಿತ್ತು. ಹೊಸ ಕೊಳವೆ ಗಾಳಿಯನ್ನು ಹೆಚ್ಚು ಎಳೆಯುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ ಎಂದು ಅರ್ಥ. ಹಾಗೇ ಓಡಿಸಿದರೆ ಇಂಜಿನ್ ಅತಿಯಾಗಿ ಕಾದು ಪಿಸ್ಟನ್ ಉಬ್ಬುತ್ತದೆ, ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ವೇಗದಲ್ಲಿರುವಾಗ ಕಚ್ಚಿದರೆ ಹಿಂದಿನ ಚಕ್ರವೇ ನಿಂತುಬಿಡುತ್ತದೆ. ಹಾಗಾಗಿ ಆ ದಿನಗಳಲ್ಲಿ ನನ್ನ ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲಿಂದ ಕದಲಲಿಲ್ಲ. ಭಾಯ್ ಕಾರ್ಬೊರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರು. ಜೆಟ್ ಬದಲಾಯಿಸಿದರು. ಪ್ಲಗ್ ಕಪ್ಪಾಯಿತು. ಮತ್ತೊಂದು ಜೆಟ್. ಕೊನೆಗೆ ಒಂದು ದಿನ ಪ್ಲಗ್ಗಿನ ತುದಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತು. ಅಂದು ಚಾಮುಂಡಿ ಬೆಟ್ಟಕ್ಕೆ ಹತ್ತಿಸಿದೆ. ಮೊದಲು ಎರಡನೇ ಗೇರಿಗೆ ಇಳಿಸಬೇಕಾಗುತ್ತಿದ್ದ ಏರಿನಲ್ಲಿ ಮೂರನೇ ಗೇರೇ ಸಾಕಾಯಿತು. ನಂಜನಗೂಡು ರಸ್ತೆಯ ನೇರದಲ್ಲಿ ಮಾತ್ರ ಮೊದಲಿನ ಓಟವಿಲ್ಲ. ಕೆಳಗೆ ಗಳಿಸಿದ್ದನ್ನು ಮೇಲೆ ಕಳೆದುಕೊಂಡಿತ್ತು.

ಹಾಸ್ಟೆಲಿನಲ್ಲಿ ಯೆಜ್ಡಿ ಭಕ್ತರೂ ಇದ್ದಾರೆ, ಆರ್‌ಎಕ್ಸ್ ಭಕ್ತರೂ ಇದ್ದಾರೆ. ಇಬ್ಬರೂ ನನ್ನನ್ನು ಬೈದರು. ಒಂದರ ಅಂಗವನ್ನು ಇನ್ನೊಂದಕ್ಕೆ ಅಂಟಿಸಿ ಎರಡನ್ನೂ ಕೆಡಿಸಿದೆ ಎಂದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದೂ ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದೂ 1996ರಲ್ಲೇ. ನಿಂತುಹೋದ ವಸ್ತುಗಳ ಬಗ್ಗೆ ಜನ ಮಡಿ ಕಾಯುವುದು ಹೆಚ್ಚು. ಆದರೆ ಈ ಎರಡರ ವಂಶಾವಳಿ ಹುಡುಕಿಕೊಂಡು ಹೋದರೆ ಮಡಿ ಉಳಿಯುವುದಿಲ್ಲ. ಜಾವಾ ಎಂಬ ಹೆಸರೇ ಎರಡರ ಬೆಸುಗೆ. ಯಾನೆಚೆಕ್ ಎಂಬ ಚೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ಕೊಂಡುಕೊಂಡ, ಎರಡು ಹೆಸರುಗಳ ಮೊದಲಕ್ಷರ ಕೂಡಿ ‘ಜಾವಾ’ ಆಯಿತು. ಯಮಹಾದ ಮೊದಲ ಬೈಕು, 1955ರ ವೈಎ-1, ಜರ್ಮನಿಯ ಡಿಕೆಡಬ್ಲ್ಯು ಬೈಕಿನ ನಕಲು. ವಾಂಡರರ್ ಇದ್ದದ್ದು ಕೆಮ್‌ನಿಟ್ಸ್ ನಗರದಲ್ಲಿ, ಡಿಕೆಡಬ್ಲ್ಯು ಇದ್ದದ್ದು ಅದರ ನೆರೆಯ ಚೊಪಾವ್ ಊರಿನಲ್ಲಿ. ಒಂದು ಪ್ರೇಗ್ ಮೇಲಿಂದ, ಇನ್ನೊಂದು ಜಪಾನಿನ ಮೇಲಿಂದ ಬಂದು ನಮ್ಮ ಭಾಯ್ ಗ್ಯಾರೇಜಿನಲ್ಲಿ ಸೇರಿದ್ದವು.

ಅಲೆಯ ಲೆಕ್ಕವೂ ಹೀಗೆ ಕೈಯಿಂದ ಕೈಗೆ ಬಂದದ್ದೇ. ಅದೇ ಚೊಪಾವ್ ಊರಿನ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಇಂಜಿನಿಯರ್ 1950ರ ದಶಕದಲ್ಲಿ ಇದನ್ನು ಹದಕ್ಕೆ ತಂದ. 1961ರ ಹೊತ್ತಿಗೆ ಅವನ 125 ಸಿಸಿ ರೇಸ್ ಇಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಆ ವರ್ಷ ಬರ್ಲಿನ್ ಗೋಡೆ ಎದ್ದ ಮರುತಿಂಗಳೇ, ಅವನ ರೇಸರ್ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ಪೂರ್ವ ಜರ್ಮನಿಗೆ ಮರಳಲಿಲ್ಲ. ಸುಜುಕಿ ಸೇರಿ, ಕಾಡೆನ್‌ನ ವಿದ್ಯೆಯನ್ನು ಅಲ್ಲಿಗೆ ದಾಟಿಸಿ, 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಆದ. ಕಾಡೆನ್ ಚೊಪಾವ್‌ನಲ್ಲೇ ಉಳಿದ. ಒಂದು ಗಾಡಿಯ ಕೊಳವೆ ಇನ್ನೊಂದು ಗಾಡಿಗೆ ಹೋದಾಗ ಯಾರೋ ಒಬ್ಬರ ಕೈ ಬರಿದಾಗುತ್ತದೆ. ಡೆಗ್ನರ್ ಕತೆ ಓದುವಾಗ ನನಗೆ ನೆನಪಾದದ್ದು ಮಾವ ದಿನವೂ ಮಾಡುತ್ತಿದ್ದ ಆ ಫೋನು.

ನನ್ನ ಓದಿನಲ್ಲಿ ಇದಕ್ಕೊಂದು ನಿಯಮವಿದೆ. ಹಸ್ತಪ್ರತಿಯಲ್ಲಿ ಗರಿ ಕಳೆದುಹೋದ ಕಡೆ ಇನ್ನೊಂದು ಪ್ರತಿಯಿಂದ ಪಾಠವನ್ನು ತಂದು ತುಂಬಬಹುದು. ಆದರೆ ತಂದದ್ದು ಎಲ್ಲಿಂದ ಎಂದು ಹೇಳಬೇಕು, ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸಬೇಕು. ಮುಂದೆ ಬರುವವನಿಗೆ ಬಿಚ್ಚಿ ನೋಡುವ ದಾರಿ ಇರಬೇಕು. ಆರ್‌ಎಕ್ಸ್ ವಿಷಯದಲ್ಲಿ ನಾವು ಇದನ್ನು ಪಾಲಿಸಿದ್ದೇವೆ. ಚಾಸಿಸ್ಸಿಗೆ ಒಂದು ಚುಕ್ಕಿ ವೆಲ್ಡ್ ಕೂಡ ಮಾಡಿಲ್ಲ. ಅದರ ಸ್ವಂತ ಸೈಲೆನ್ಸರ್ ಎಣ್ಣೆ ಸವರಿಸಿಕೊಂಡು ಗೋಡೆಯ ಮೇಲಿದೆ. ಮೋಟಾರು ವಾಹನ ಕಾಯ್ದೆ ಇಂಥ ಬದಲಾವಣೆಗಳನ್ನು ಮೆಚ್ಚುವುದಿಲ್ಲ, ಸದ್ದು ಮಾಡುವ ಸೈಲೆನ್ಸರ್‌ಗಳನ್ನು ಕಿತ್ತು ರೋಡ್ ರೋಲರ್ ಹತ್ತಿಸಿದ ಪೊಲೀಸರ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಯೆಜ್ಡಿಯ ಬ್ಯಾಫಲನ್ನು ನಾವು ತೆಗೆಯದೆ ಉಳಿಸಿಕೊಂಡದ್ದರಿಂದ ಬೈಕು ಮೊದಲಿಗಿಂತ ಮೆತ್ತಗೇ ಮಾತಾಡುತ್ತದೆ. ಆದರೂ ಅದು ರಸ್ತೆಯಲ್ಲಿ ಕಾಯಂ ಆಗಿ ಉಳಿಯಲಾರದು ಎಂಬುದು ಗೊತ್ತು. ಎರಡು ಬೋಲ್ಟು ಬಿಚ್ಚಿದರೆ ಆರ್‌ಎಕ್ಸ್ ಮತ್ತೆ ಆರ್‌ಎಕ್ಸ್.

ಯೆಜ್ಡಿಯ ತುಂಡಿಗೆ ಆ ಅನುಕೂಲವಿಲ್ಲ. ಕುಯ್ದದ್ದು ಕುಯ್ದದ್ದೇ. ಅದರ ಋಣ ಮಾವನಿಗೆ ಸೇರಿದ್ದು, ಯಾವ ಅಡಿಟಿಪ್ಪಣಿಯಿಂದಲೂ ತೀರುವಂಥದ್ದಲ್ಲ. ಕೆಲಸ ಮುಗಿದ ಮೇಲೆ ಬೈಕನ್ನು ಊರಿಗೆ ಓಡಿಸಿಕೊಂಡು ಹೋದೆ. ಅತ್ತೆ ಎಸರಿಟ್ಟಿರಲಿಲ್ಲ. ಸದ್ದು ಕೇಳಿ ಯಾರೋ ಬೇರೆಯವರು ಅಂದುಕೊಂಡರಂತೆ. ಮಾವ ಜಗಲಿಯಿಂದ ಎದ್ದು ಬಂದು, ಹಿಂದೆ ಕುಕ್ಕರಗಾಲಿನಲ್ಲಿ ಕೂತು ಬೆಸುಗೆಯ ಮೇಲೆ ಬೆರಳಾಡಿಸಿದರು. “ಸದ್ದು ನಮ್ ಗಾಡೀದಲ್ಲ ಬುಡು” ಎಂದರು. ಸ್ವಲ್ಪ ಹೊತ್ತಾದ ಮೇಲೆ ಕೀಲಿ ಕೇಳಿದರು. ಕಾಲುವೆ ಏರಿಯ ತನಕ ಹೋಗಿ, ಬೇಗ ಬರಲಿಲ್ಲ.

ಟೂ ಸ್ಟ್ರೋಕಿನ ಬ್ಯಾಫಲಿಗೆ ಮಸಿ ಕಟ್ಟುತ್ತದೆ. ಆಗಾಗ ಹೊರಗೆಳೆದು ಬೆಂಕಿಗಿಟ್ಟು ಸುಡಬೇಕು. ಭಾಯ್ ಗ್ಯಾರೇಜಿಗೆ ತರಲು ಹೇಳಿದ್ದರು. ಮಾವ ಒಪ್ಪಲಿಲ್ಲ. ಅತ್ತೆಯ ಹಿತ್ತಿಲ ಒಲೆ ಇರುವಾಗ ಅಷ್ಟು ದೂರ ಯಾಕೆ, ಬರೋ ತಿಂಗಳು ಬಿಚ್ಚಿಕೊಂಡು ಇಲ್ಲಿಗೇ ಬಾ ಎಂದಿದ್ದಾರೆ.