ಟೈರಿನ ಅಂಚು ಹೊಸದಾಗಿಯೇ ಇತ್ತು

ಮಾರ್ಚ್ ಕ್ಲೋಸಿಂಗ್ ಗಲಾಟೆ ಮುಗಿದು ಈಗ ಸ್ವಲ್ಪ ಉಸಿರಾಡಲು ಪುರುಸೊತ್ತು ಸಿಕ್ಕಿದೆ. ಹೋದ ಭಾನುವಾರ ಬೆಳಿಗ್ಗೆ ಹಾಲು ತರಲು ಕೆಳಗಿಳಿದರೆ, ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ದಾವಣಗೆರೆಯ ಹುಡುಗನೊಬ್ಬ ತನ್ನ ಬೈಕಿಗೆ ಚೀಲ ಬಿಗಿಯುತ್ತಿದ್ದ. ಸಾಫ್ಟ್‌ವೇರ್ ಕೆಲಸದವನು, ಎರಡು ವರ್ಷದಿಂದ ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದಾನೆ. ಊರಿಗೆ ಹೊರಟಿದ್ದನಂತೆ, ಬೈಕಿನಲ್ಲೇ!

"ಟೈರು ನೋಡಿದೆಯೇನಪ್ಪಾ?" ಅಂದೆ.

"ಸೂಪರಾಗಿದೆ ಅಂಕಲ್, ಬೇಕಾದರೆ ನೋಡಿ" ಅಂತ ಸೈಡ್ ಸ್ಟ್ಯಾಂಡಿನ ಮೇಲೆ ವಾಲಿ ನಿಂತಿದ್ದ ಬೈಕಿನ ಹಿಂದಿನ ಟೈರಿನ ಅಂಚು ತೋರಿಸಿದ. ಅಂಚು ನಿಜಕ್ಕೂ ಹೊಸದರ ಹಾಗೇ ಇತ್ತು. ಹೊಸ ಟೈರಿನ ಮೇಲೆ ಇರುತ್ತವಲ್ಲ, ರಬ್ಬರಿನ ಸಣ್ಣ ಸಣ್ಣ ಕೂದಲು, ಅವು ಕೂಡ ಉಳಿದಿದ್ದವು.

ನನಗೆ ಎದೆ ಧಸಕ್ಕೆಂದಿತು. ಯಾಕೆಂದರೆ 2019ರಲ್ಲಿ ಇದೇ ಮಾತನ್ನು ನಾನು ನನ್ನ ಹೆಂಡತಿಗೆ ಹೇಳಿದ್ದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಧಾರವಾಡದಲ್ಲಿ ಬಿ.ಕಾಂ. ಮಾಡಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, 1994ರಲ್ಲಿ ಪುಣೆಗೆ ಬಂದವನು ನಾನು. ಎರಡು ವರ್ಷಕ್ಕೆ ಅಂತ ಬಂದದ್ದು, ಮೂವತ್ತು ದಾಟಿತು. ಬೈಕಿನ ಹುಚ್ಚು ಮಾತ್ರ ಕಾಲೇಜಿನಿಂದಲೂ ಇತ್ತು. ಆಗ ಮೈಸೂರಿನ ಯೆಜ್ಡಿ ಅಂದರೆ ನಮಗೆಲ್ಲ ಪ್ರಾಣ. ಪುಣೆಗೆ ಬಂದ ಮೇಲೆ ಸಂಸಾರ, ಮನೆ ಸಾಲ, ಮಗಳ ಓದು ಅಂತ ಸ್ಕೂಟರಿನಲ್ಲೇ ದಿನ ಕಳೆದೆ. ಆಫೀಸರ್ ಆಗಿ ಸಾಲ ತೀರಿದ ಮೇಲೆ ಒಂದು 350 ಸಿಸಿ ಗಾಡಿ ತಗೊಂಡೆ. ಅಲ್ಲಿಂದ ಎರಡು ತಿಂಗಳಿಗೊಮ್ಮೆ ಧಾರವಾಡ. ಅಲ್ಲಿ ನಮ್ಮ ಅವ್ವ ಇದ್ದಳು.

ಪುಣೆಯಿಂದ ಧಾರವಾಡಕ್ಕೆ ಸುಮಾರು 420 ಕಿಲೋಮೀಟರ್. ಕಾತ್ರಜ್ ದಾಟಿ, ಖಂಬಾಟ್ಕಿ ಘಾಟು ಹತ್ತಿ, ಸಾತಾರಾ, ಕರಾಡ, ಕೊಲ್ಹಾಪುರದ ಪಕ್ಕದಿಂದ ಹಾದು, ಕಾಗಲ್ ಮುಗಿದರೆ ನಿಪ್ಪಾಣಿ. ಕನ್ನಡದ ಬೋರ್ಡು ಕಂಡ ಕೂಡಲೇ ಗಾಡಿ ತಾನೇ ಓಡುತ್ತದೆ ಅನ್ನಿಸುತ್ತಿತ್ತು. ನೀವೂ ಈ ದಾರಿಯಲ್ಲಿ ಬಂದವರಾದರೆ ಗೊತ್ತಿರುತ್ತದೆ. ಸುವರ್ಣ ಚತುಷ್ಪಥ ಯೋಜನೆ ಬಂದ ಮೇಲೆ ಈ ರಸ್ತೆ ಎಷ್ಟು ನೇರ ಅಂದರೆ, ಎರಡು ಮೂರು ಘಾಟು ಬಿಟ್ಟರೆ ಗಾಡಿಯನ್ನು ಬಾಗಿಸುವ ಪ್ರಸಂಗವೇ ಬರುವುದಿಲ್ಲ.

ಸಮಸ್ಯೆ ಇದ್ದದ್ದು ಅಲ್ಲೇ. ಬೈಕಿನ ಟೈರು ಕಾರಿನ ಟೈರಿನಂತೆ ಚಪ್ಪಟೆ ಅಲ್ಲ, ದುಂಡಗಿರುತ್ತದೆ. ಗಾಡಿ ನೆಟ್ಟಗೆ ಹೋದರೆ ನಡುವಿನ ಪಟ್ಟಿ ಮಾತ್ರ ನೆಲಕ್ಕೆ ತಾಗುತ್ತದೆ, ಬಾಗಿದರೆ ಅಂಚು ತಾಗುತ್ತದೆ. ಸಾವಿರಾರು ಕಿಲೋಮೀಟರ್ ನೆಟ್ಟಗೇ ಓಡಿಸಿದರೆ ನಡುವಿನದ್ದು ಸವೆದು ಟೈರು ದುಂಡು ಹೋಗಿ ಚಪ್ಪಟೆಯಾಗುತ್ತದೆ. ಅದರಲ್ಲೂ ಹಿಂದಿನದು, ಯಾಕೆಂದರೆ ಎಂಜಿನ್ನಿನ ಎಳೆತ, ಹಿಂದೆ ಕೂತವರ ಭಾರ, ಚೀಲಗಳ ಭಾರ ಎಲ್ಲ ಅದರ ಮೇಲೆಯೇ. ದೂರ ದೂರ ಹೋಗುವ ಬೈಕುಗಳಿಗೆಲ್ಲ ಈ ಕಾಯಿಲೆ ಇದ್ದದ್ದೇ.

ಆ ವರ್ಷ ಜುಲೈನಲ್ಲಿ ಇಬ್ಬರೂ ಊರಿಗೆ ಹೊರಟಾಗ ಸಾತಾರಾ ದಾಟಿದ ಮೇಲೆ ಚಹಾಕ್ಕೆ ನಿಂತೆವು. ಇವಳು ಹೆಲ್ಮೆಟ್ ತೆಗೆದು ಅಂದಳು, "ರೀ, ರಸ್ತೆದಾಗಿನ ಗೆರಿ ದಾಟುವಾಗ ಹಿಂದಿಂದ ಯಾರೋ ಗಾಡಿ ಹಿಡದು ಎಳದಂಗ ಆಗತೈತ್ರಿ. ಹೋದ ಸಲ ಹಿಂಗ ಇರಲಿಲ್ಲ."

ನಾನು ಎದ್ದು ಹೋಗಿ ನೋಡಿದೆ. ನೋಡಿದೆ ಅಂದರೆ ನಿಂತಲ್ಲಿಂದಲೇ. ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿದ ಗಾಡಿ, ಕಣ್ಣಿಗೆ ಕಂಡದ್ದು ಟೈರಿನ ಅಂಚು. ಆಳವಾದ ಗೆರೆಗಳು, ಕಪ್ಪಗೆ ಮಿರಿಮಿರಿ. "ಟೈರು ಹೊಸಾದರಂಗ ಐತಿ, ನಿನಗ ಸುಮ್ನ ಭ್ರಮಾ" ಅಂದೆ. ಅವಳು ಮತ್ತೆ ಮಾತಾಡಲಿಲ್ಲ. ಆ ಮೌನ ಈಗಲೂ ನನಗೆ ನೆನಪಿದೆ.

ಮೂರು ದಿನ ಇದ್ದು ವಾಪಸ್ ಹೊರಟೆವು. ಅವ್ವ ಕಟ್ಟಿಕೊಟ್ಟ ಜೋಳದ ಹಿಟ್ಟು, ಶೇಂಗಾ ಹಿಂಡಿ, ಕಟಕ್ ರೊಟ್ಟಿ ಎರಡೂ ಬದಿಯ ಚೀಲಗಳಲ್ಲಿ ತುಂಬಿದ್ದವು. ಜಿಟಿಜಿಟಿ ಮಳೆ. ನಿಪ್ಪಾಣಿಗೆ ಮುಂಚೆ ತವಂದಿ ಘಾಟು ಇಳಿಯುತ್ತಿದ್ದೆ, ವೇಗ 40 ಇದ್ದಿರಬಹುದು. ತಿರುವಿನಲ್ಲಿ ಬಾಗಿಸಿದರೆ ಗಾಡಿ ಮೊದಲು ಬಾಗಲೇ ಒಲ್ಲೆ ಅಂದಿತು. ಸ್ವಲ್ಪ ಜೋರು ಮಾಡಿದೆ. ಥಟ್ಟನೆ ಒಮ್ಮೆಲೇ ಪೂರ್ತಿ ಬಾಗಿಬಿಟ್ಟಿತು. ಗಾಬರಿಯಲ್ಲಿ ಹಿಂದಿನ ಬ್ರೇಕ್ ಒತ್ತಿದೆ... ಮುಂದೆ ನೆನಪಿರುವುದು ರಸ್ತೆಯ ಮೇಲೆ ಹರಡಿದ್ದ ಜೋಳದ ಹಿಟ್ಟು, ಮತ್ತು ಹಿಂದೆ ಬರುತ್ತಿದ್ದ ಲಾರಿಯ ಬ್ರೇಕಿನ ಸದ್ದು. ದೇವರ ದಯೆ, ಲಾರಿ ನಿಂತಿತು.

ನನಗೆ ಮೊಣಕೈ ತರಚಿತ್ತು ಅಷ್ಟೇ. ಇವಳಿಗೆ ಎಡ ಭುಜದ ಕಾಲರ್ ಬೋನ್ ಮುರಿದಿತ್ತು. ಲಾರಿಯ ಡ್ರೈವರಣ್ಣನೇ ನಿಪ್ಪಾಣಿಗೆ ಕರೆದುಕೊಂಡು ಹೋದ. ಕೈಗೆ ಜೋಳಿಗೆ ಕಟ್ಟಿಸಿಕೊಂಡು ಟ್ಯಾಕ್ಸಿಯಲ್ಲಿ ಪುಣೆಗೆ ಬಂದೆವು. ದಾರಿಯುದ್ದಕ್ಕೂ ಅವಳು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಗಾಡಿ ನಿಪ್ಪಾಣಿಯ ಒಂದು ಗ್ಯಾರೇಜಿನಲ್ಲೇ ಉಳಿಯಿತು. ಮುಂದಿನ ತಿಂಗಳು, ಆಗಸ್ಟ್ 2019ರಲ್ಲಿ, ಕೃಷ್ಣಾ, ಪಂಚಗಂಗಾ ಎಲ್ಲ ಉಕ್ಕಿ ಕೊಲ್ಹಾಪುರ, ನಿಪ್ಪಾಣಿ ಕಡೆ ಹೆದ್ದಾರಿಯೇ ಮುಚ್ಚಿತ್ತಲ್ಲ, ನಿಮಗೂ ನೆನಪಿರಬಹುದು. ನೀರಿಳಿದು ದಾರಿ ಸರಿಯಾದ ಮೇಲೆ ಬಸ್ಸಿನಲ್ಲಿ ಹೋದೆ. ಮೆಕ್ಯಾನಿಕ್ ನನಗಿಂತ ಹತ್ತು ವರ್ಷ ಚಿಕ್ಕವನು. ಆ ಕಡೆಯವರ ಹಾಗೆ ಅರ್ಧ ಕನ್ನಡ, ಅರ್ಧ ಮರಾಠಿ. ಬಿಚ್ಚಿಟ್ಟ ಹಿಂದಿನ ಟೈರನ್ನು ನನ್ನ ಮುಂದೆ ನಿಲ್ಲಿಸಿದ.

"ಸಾಹೇಬ್ರ, ಕಣ್ಣಿಲೆ ನೋಡಬ್ಯಾಡ್ರಿ, ಅಂಗೈ ಆಡಿಸ್ರಿ" ಅಂದ.

ಆಡಿಸಿದೆ. ಅಂಚಿನಿಂದ ಶುರುವಾದ ಕೈ ದುಂಡಗೆ ಏರಬೇಕಾದಲ್ಲಿ ಒಂದು ಏಣು ಸಿಕ್ಕಿತು. ಅದು ದಾಟಿದರೆ ಮೇಜಿನಂತೆ ಸಪಾಟು. ನಡುವಿನ ಗೆರೆಗಳು ಮಾಯ. ಮಳೆಯಲ್ಲಿ ನೀರನ್ನು ಹೊರಗೆ ತಳ್ಳುವವು ಆ ಗೆರೆಗಳೇ. ಘಾಟಿನಲ್ಲಿ ಗಾಡಿ ಮೊದಲು ಬಾಗದೆ ಆಮೇಲೆ ಒಮ್ಮೆಲೇ ಬಾಗಿದ್ದು ಆ ಏಣು ದಾಟಿದಾಗ. ಇವಳು ಹಿಂದೆ ಕೂತು 'ಎಳದಂಗ ಆಗತೈತಿ' ಅಂದದ್ದೂ ಅದೇ. ಚಪ್ಪಟೆಯಾದ ಟೈರು ರಸ್ತೆಯ ಗೆರೆ, ಏರುಗಳನ್ನು ಹಿಡಿದುಕೊಂಡು ಹೋಗುತ್ತದೆ. ಭ್ರಮೆಯಲ್ಲಿ ಇದ್ದವನು ನಾನು.

ಬ್ಯಾಂಕಿನಲ್ಲಿ ಇರುವವರಿಗೆ ಗೋಡೌನ್ ಇನ್‌ಸ್ಪೆಕ್ಷನ್ ಗೊತ್ತು. ದಾಸ್ತಾನಿನ ಮೇಲೆ ಸಾಲ ಕೊಟ್ಟಿರುತ್ತೇವೆ, ಹೋಗಿ ಚೀಲ ಎಣಿಸಬೇಕು. ನಾನು ಹೊಸಬನಿದ್ದಾಗ ನಮ್ಮ ಮ್ಯಾನೇಜರ್ ಹೇಳಿಕೊಟ್ಟ ಮೊದಲ ಪಾಠ, "ಮುಂದಿನ ಸಾಲು ನೋಡಿ ಸಹಿ ಹಾಕಬ್ಯಾಡ, ಥಪ್ಪಿ ಮ್ಯಾಲೆ ಹತ್ತಿ ನಡುವು ನೋಡು." ಮುಂದೆ ಚಂದಕ್ಕೆ ಚೀಲ ಪೇರಿಸಿ ನಡುವೆ ಖಾಲಿ ಬಿಟ್ಟವರನ್ನು ನಾನೇ ಹಿಡಿದಿದ್ದೇನೆ. ನನ್ನ ಸ್ವಂತ ಟೈರಿನಲ್ಲಿ ಮಾತ್ರ ಮುಂದಿನ ಸಾಲು ನೋಡಿ ಸಹಿ ಹಾಕಿದ್ದೆ. ಅಂಚು ಹೊಸದಾಗಿದ್ದದ್ದು ಟೈರು ಚೆನ್ನಾಗಿದೆ ಅಂತಲ್ಲ, ಆ ಭಾಗ ಕೆಲಸವನ್ನೇ ಮಾಡಿಲ್ಲ ಅಂತ!

ಮೆಕ್ಯಾನಿಕ್ ಇನ್ನೂ ಎರಡು ತಪ್ಪು ತೋರಿಸಿದ. ಎರಡೂ ನನ್ನವೇ. ಒಂದು, ಚೈನು ಬಿಗಿ. ಚೈನು ನಾನೇ ಬಿಗಿಮಾಡಿಕೊಳ್ಳುತ್ತಿದ್ದೆ. ಹಿಂದಿನ ಗಾಲಿಯ ಎರಡೂ ಬದಿ ಗುರುತುಗಳಿರುತ್ತವೆ, ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಇರಬೇಕು. ನನ್ನದರಲ್ಲಿ ಒಂದು ಗುರುತು ಹೆಚ್ಚುಕಡಿಮೆ ಇತ್ತು. ಅಂದರೆ ಹಿಂದಿನ ಗಾಲಿ ಮುಂದಿನದರ ಹಿಂದೆ ನೇರ ಬರದೆ ಸೊಟ್ಟಗೆ ಓಡುತ್ತಿತ್ತು. ಅವನು ಎರಡೂ ಗಾಲಿಗೆ ದಾರ ಎಳೆದು ತೋರಿಸಿದ.

ಇನ್ನೊಂದು, ಗಾಳಿ. ನಾನು ಯಾವಾಗಲೂ ಕರಾಡದ ಹತ್ತಿರ, 160 ಕಿಲೋಮೀಟರ್ ಓಡಿಸಿದ ಮೇಲೆ ಪೆಟ್ರೋಲ್ ಪಂಪಿನಲ್ಲಿ ಗಾಳಿ ನೋಡಿಸುತ್ತಿದ್ದೆ. ಕಾದ ಟೈರಿನಲ್ಲಿ ಒತ್ತಡ ಹೆಚ್ಚೇ ತೋರಿಸುತ್ತದೆ. "ಜಾಸ್ತಿ ಇದೆ" ಅಂತ ತೆಗೆಸುತ್ತಿದ್ದೆ. ಟೈರು ತಣ್ಣಗಾದಾಗ ಇಬ್ಬರ ಭಾರ, ಚೀಲದ ಭಾರಕ್ಕೆ ಬೇಕಾದ್ದಕ್ಕಿಂತ ಕಡಿಮೆ. ಕಡಿಮೆ ಗಾಳಿಯ ಟೈರು ಬಳುಕುತ್ತದೆ, ಇನ್ನೂ ಕಾಯುತ್ತದೆ, ಬೇಗ ಸವೆಯುತ್ತದೆ. ಬೆಳಿಗ್ಗೆ ಮನೆ ಬಿಡುವ ಮುಂಚೆ, ತಣ್ಣಗಿದ್ದಾಗ ನೋಡಬೇಕಿತ್ತು.

ಇನ್ನೊಂದು ವಿಚಿತ್ರ ಇತ್ತು. ಟೈರು ಎಡಕ್ಕಿಂತ ಬಲಕ್ಕೆ ತುಸು ಹೆಚ್ಚು ಸವೆದಿತ್ತು. ನಾನು ಚೈನಿನ ತಪ್ಪೇ ಇರಬೇಕು ಅಂದುಕೊಂಡೆ. ಮೆಕ್ಯಾನಿಕ್ ನಕ್ಕು, "ಹಂಗಲ್ರಿ, ಮುಂದಿನ ಟೈರೂ ನೋಡ್ರಿ, ಅದೂ ಹಂಗ ಐತಿ. ಬಹಳ ಮಂದೀದು ಹಿಂಗ ಬಲಕ್ಕ ಹೆಚ್ಚು ಸವೀತೈತ್ರಿ" ಅಂದ. ಆಮೇಲೆ ಓದಿ ತಿಳಿದುಕೊಂಡೆ. ನೀರು ಹರಿಯಲಿ ಅಂತ ಡಾಂಬರು ರಸ್ತೆಗೆ ನೂರಕ್ಕೆ ಎರಡು, ಎರಡೂವರೆಯಷ್ಟು ಇಳಿಜಾರು ಕೊಟ್ಟಿರುತ್ತಾರೆ. ನಾವು ಎಡಬದಿಯಲ್ಲಿ ಹೋಗುವವರು, ಇಳಿಜಾರು ಎಡಕ್ಕೆ. ಗಾಡಿ ನೆಟ್ಟಗೇ ಇದ್ದರೂ ಟೈರಿಗೆ ನೆಲ ತಾಗುವುದು ನಡುವಿನಿಂದ ತುಸು ಬಲಕ್ಕೆ. ಇದು ಒಂದು ಕಾರಣ.

ಇನ್ನೊಂದು, ನಮ್ಮಲ್ಲಿ ಎಡ ತಿರುವು ಚಿಕ್ಕದು, ಬಲ ತಿರುವು ದೊಡ್ಡದು. ಚೌಕದಲ್ಲಿ ಎಡಕ್ಕೆ ಹೊರಳುವುದು ಕ್ಷಣದ ಕೆಲಸ, ಬಲಕ್ಕಾದರೆ ಇಡೀ ಚೌಕ ಸುತ್ತಿಕೊಂಡು ಹೋಗಬೇಕು. ಎರಡು ಬದಿ ವಾಹನ ಓಡಾಡುವ ಘಾಟಿನಲ್ಲೂ ಬಲ ತಿರುವಿಗೆ ನಮ್ಮದು ಹೊರಸುತ್ತು. ಹಾಗಾಗಿ ಬಲಕ್ಕೆ ಬಾಗಿ ಓಡುವ ದೂರವೇ ಹೆಚ್ಚು. ಯಾವ ಕಾರಣದ ಪಾಲು ಎಷ್ಟು ಅನ್ನುವುದರ ಬಗ್ಗೆ ಸವಾರರಲ್ಲೇ ಜಗಳ ಇದೆ. ಬಲಬದಿಯಲ್ಲಿ ಓಡಿಸುವ ಅಮೆರಿಕದಲ್ಲಿ ಇದೇ ದೂರು, ಆದರೆ ಎಡಗಡೆಯದು! ಮೂವತ್ತು ವರ್ಷ ಪುಣೆಯಲ್ಲಿದ್ದು ನಾವೂ ಯಾವ ಕಡೆಗೆ ಎಷ್ಟು ಸವೆದಿದ್ದೇವೋ, ಅದನ್ನು ಅಂಗೈ ಆಡಿಸಿ ನೋಡುವ ಮೆಕ್ಯಾನಿಕ್ ಸಿಗಬೇಕಷ್ಟೇ. :-)

ಅವನು ಮುಂದಿನ ಟೈರಿನ ಮೇಲೂ ಕೈ ಆಡಿಸಿಸಿದ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ. ಗೆರೆಗಳ ನಡುವಿನ ಒಂದೊಂದು ಹಲ್ಲೂ ಓರೆಯಾಗಿ ಸವೆಯತೊಡಗಿತ್ತು. ಬ್ರೇಕಿನ ಒತ್ತಡ, ಗಾಳಿ ಕಡಿಮೆ, ಮುಂದಿನ ಶಾಕ್ ಸೋತಿರುವುದು, ಹ್ಯಾಂಡಲಿನ ಕೋನ್‌ಸೆಟ್ ಸಡಿಲಾಗಿರುವುದು, ಇವೆಲ್ಲ ಇದಕ್ಕೆ ಕಾರಣ ಆಗುತ್ತವಂತೆ. ಟೈರು ಬದಲಿಸಿದರೂ ಇವನ್ನು ಸರಿಮಾಡದಿದ್ದರೆ ಹೊಸದೂ ಹಾಗೇ ಆಗುತ್ತದೆ.

ನಮ್ಮ ದೇಶದ ಕಾನೂನು ದ್ವಿಚಕ್ರ ವಾಹನದ ಟೈರಿನ ಗೆರೆ ಕನಿಷ್ಠ 0.8 ಮಿಲಿಮೀಟರ್ ಆಳ ಇರಬೇಕು ಅನ್ನುತ್ತದೆ. ಎಲ್ಲಿ ಅಳೆಯಬೇಕು ಅನ್ನುವುದೇ ಮುಖ್ಯ. ಅಂಚಿನಲ್ಲಿ ಅಳೆದಿದ್ದರೆ ನನ್ನ ಟೈರು ಫಸ್ಟ್ ಕ್ಲಾಸಿನಲ್ಲಿ ಪಾಸಾಗುತ್ತಿತ್ತು.

ಹೊಸ ಟೈರು ಹಾಕಿಸಿ ಗಾಡಿ ಪುಣೆಗೆ ತಂದೆ. ಆರು ವಾರ ಇವಳ ಕೈ ಜೋಳಿಗೆಯಲ್ಲಿತ್ತು. ಅಷ್ಟೂ ದಿನ ಅಡಿಗೆ ನಂದೇ. ನನ್ನ ರೊಟ್ಟಿಗಳೂ ನಡುವೆ ತೆಳ್ಳಗೆ, ಅಂಚಿಗೆ ದಪ್ಪ! ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ, "ನೀ ಸಾತಾರಾದಾಗ ಹೇಳಿದ್ದು ಖರೇ ಇತ್ತು. ನಾ ಕೇಳಲಿಲ್ಲ. ತಪ್ಪಾತು." ಮದುವೆಯಾಗಿ ಅಷ್ಟು ವರ್ಷಕ್ಕೆ ಆ ಮಾತು ಅಂದದ್ದು ಬಹುಶಃ ಅದೇ ಮೊದಲು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಸಲ ಹೊಂಡೂಮುಂದ ನಾನ ನೋಡತೇನಿ" ಅಂದಳು. ಮುಂದಿನ ಸಲ ಬರುವುದಿಲ್ಲ ಅಂತಾಳೆ ಅಂದುಕೊಂಡಿದ್ದವನಿಗೆ ಅಷ್ಟು ಸಾಕಾಗಿತ್ತು.

ಅವ್ವ 2022ರಲ್ಲಿ ತೀರಿಕೊಂಡಳು. ಈಗ ಧಾರವಾಡಕ್ಕೆ ವರ್ಷಕ್ಕೆ ಎರಡು ಸಲ ಹೋದರೆ ಹೆಚ್ಚು. ಆದರೂ ಹೊರಡುವ ಹಿಂದಿನ ದಿನ ಇವಳು ಕೆಳಗಿಳಿದು ಬರುತ್ತಾಳೆ. ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿಸುತ್ತಾಳೆ, ಹಿಂದಿನ ಗಾಲಿ ನಿಧಾನ ತಿರುಗಿಸುತ್ತಾ ನಡುಮಧ್ಯೆ ಅಂಗೈ ಆಡಿಸುತ್ತಾಳೆ. ಅವಳು ಹ್ಞೂಂ ಅಂದರೆ ಪ್ರಯಾಣ, ಇಲ್ಲದಿದ್ದರೆ ಬಸ್ಸು.

ಹೋದ ಭಾನುವಾರ ಆ ಹುಡುಗನ ಟೈರಿನ ಮೇಲೂ ಕೈ ಆಡಿಸಿಸಿದೆ. ನಡುವೆ ಏಣು ಸಿಕ್ಕಿದ ಕೂಡಲೇ ಅವನ ಮುಖ ಬಿಳಿಚಿಕೊಂಡಿತು. "ಅಂಕಲ್, ಇದು ಕಾಣಿಸ್ತಾನೇ ಇರಲಿಲ್ಲ" ಅಂದ. ಚೀಲ ಬಿಚ್ಚಿ, ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿದ.

ನೀವೂ ಈ ಬೇಸಿಗೆ ರಜೆಗೆ ಗಾಡಿಯಲ್ಲಿ ಊರಿಗೆ ಹೊರಟಿದ್ದರೆ, ಹಿಂದಿನ ದಿನ ಒಂದೈದು ನಿಮಿಷ ಕೆಳಗೆ ಕೂತು ಅಂಗೈ ಆಡಿಸಿ ನೋಡಿ. ಮತ್ತೆ ಹಿಂದೆ ಕೂತವರು ಏನಾದರೂ ಹೇಳಿದರೆ, ಗಾಡಿ ನಿಲ್ಲಿಸಿ ಕೇಳಿಸಿಕೊಳ್ಳಿ.